ಹಳೆಯ ಮೋಟಾರು ಬಂಡಿಗಳಲ್ಲಿ ಅಂಟಿನ ಗಂಧ: ಅದರ ನಿದಾನವೂ ನಿವಾರಣೆಯೂ

ಗಂಧವು ಪೃಥಿವಿಯ ವಿಶೇಷಗುಣವೆಂದೂ, ಘ್ರಾಣೇಂದ್ರಿಯವೊಂದರಿಂದಲೇ ಗ್ರಾಹ್ಯವೆಂದೂ, ಸುರಭಿ ಅಸುರಭಿ ಎಂಬ ಭೇದದಿಂದ ಅದು ಎರಡು ಬಗೆಯೆಂದೂ ತರ್ಕಶಾಸ್ತ್ರದ ಮೊದಮೊದಲ ಪಾಠಗಳಲ್ಲಿಯೇ ವಿದ್ಯಾರ್ಥಿಯು ಕಲಿಯುತ್ತಾನೆ. ನೀರಿಗೂ ಗಾಳಿಗೂ ಸ್ವತಃ ಗಂಧವಿಲ್ಲ. ಅವುಗಳಲ್ಲಿ ತೋರುವ ವಾಸನೆಯು ಅವುಗಳೊಡನೆ ಬೆರೆತ ಪಾರ್ಥಿವಾಂಶಗಳದೆಂಬ ನಿರ್ಣಯವೂ ಅಲ್ಲಿಯೇ ಬರುತ್ತದೆ. ಪಂಚಭೂತಗಳ ಈ ವಿಭಾಗವನ್ನು ಇಂದಿನ ರಸಾಯನಶಾಸ್ತ್ರವು ಅಂಗೀಕರಿಸುವುದಿಲ್ಲ. ಆದರೂ ಅದರ ತಿರುಳಾದ ಒಂದು ಮಾತು ಇಂದಿಗೂ ಅಬಾಧಿತವಾಗಿಯೇ ಉಳಿದಿದೆ. ಗಂಧವು ಆಶ್ರಯವನ್ನು ಬಿಟ್ಟು ಒಂಟಿಯಾಗಿ ಸಂಚರಿಸಲಾರದು. ವಾಸನೆಯು ಮೂಗಿಗೆ ಬಂದಿತೆಂದರೆ ದ್ರವ್ಯವೇ ಮೂಗಿಗೆ ಬಂದಿತೆಂದು ಅರ್ಥ. ಮೂಗಿನೊಳಗೆ ಗಂಧದ ಅಣುಗಳನ್ನು ಹಿಡಿಯುವ ಗ್ರಾಹಕಗಳಿರುವುದನ್ನೂ ಅವುಗಳ ವಂಶವಾಹಿಗಳನ್ನೂ ಲಿಂಡಾ ಬಕ್ ಮತ್ತು ರಿಚರ್ಡ್ ಆಕ್ಸೆಲ್ ಎಂಬ ಅಮೆರಿಕದ ವಿಜ್ಞಾನಿಗಳು ೧೯೯೧ರಲ್ಲಿ ಪ್ರಕಟಪಡಿಸಿದರು. ೨೦೦೪ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕವು ದೊರೆಯಿತು.

ಈ ತತ್ತ್ವವನ್ನು ಮರೆತದ್ದರಿಂದ ಆಗುವ ಅನರ್ಥಗಳಿಗೆ ಹಳೆಯ ಮೋಟಾರು ಬಂಡಿಗಳಲ್ಲಿ ಕಂಡುಬರುವ ಅಂಟಿನ ವಾಸನೆಯು ಒಳ್ಳೆಯ ನಿದರ್ಶನವಾಗಿದೆ. ವಿಷಯವು ಅಲ್ಪವೆಂದು ಮೇಲುನೋಟಕ್ಕೆ ತೋರಬಹುದು. ಆದರೆ ಬಹು ವೆಚ್ಚಮಾಡಿ ಜೀರ್ಣೋದ್ಧಾರ ಮಾಡಿಸಿದ ಬಂಡಿಯೊಳಗೆ ಕುಳಿತೊಡನೆ ತಲೆನೋವು ಬರುವುದೂ, ಅದನ್ನು ಕಳೆಯಲೆಂದು ಮಾಡಿದ ಉಪಾಯದಿಂದ ಆ ಬಂಡಿಯ ಮೂಲಸಾಮಗ್ರಿಯೇ ಕೆಡುವುದೂ, ಎಲ್ಲಕ್ಕಿಂತ ಮಿಗಿಲಾಗಿ ಆ ಅಂಟನ್ನು ಬಳಿದ ಕೆಲಸಗಾರನ ಆರೋಗ್ಯವು ಹಾಳಾಗುವುದೂ ಅಲ್ಪವಾದ ಸಂಗತಿಗಳಲ್ಲ.

೧. ಸಂದರ್ಭ

ನಮ್ಮ ದೇಶದಲ್ಲಿ ಎಲ್ಲರೂ ಬಲ್ಲ ಅಂಬಾಸಡರ್ ಬಂಡಿಯನ್ನೇ ದೃಷ್ಟಾಂತವಾಗಿ ಇಟ್ಟುಕೊಳ್ಳಬಹುದು. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಬಂಡಿಯ ಮೂರನೆಯ ಮಾದರಿಯನ್ನು ಅನುಸರಿಸಿ, ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿದ್ದ ಹಿಂದೂಸ್ತಾನ್ ಮೋಟರ್ಸ್ ಕಾರ್ಖಾನೆಯು ಇದನ್ನು ೧೯೫೦ರ ದಶಕದ ಕೊನೆಯಿಂದ ೨೦೧೪ರ ಮೇ ತಿಂಗಳವರೆಗೆ ತಯಾರಿಸಿತು. ಇಂಥ ಬಂಡಿಗಳನ್ನು ಈಗ ಅಕ್ಕರೆಯಿಂದ ಕಾಪಾಡುವವರು ಕರ್ಣಾಟಕದಲ್ಲಿಯೂ ಅನೇಕರಿದ್ದಾರೆ. ಧರ್ಮಸ್ಥಳದ ವಸ್ತುಸಂಗ್ರಹಾಲಯದಲ್ಲಿ ಹಳೆಯ ಮೋಟಾರು ಬಂಡಿಗಳ ಒಂದು ದೊಡ್ಡ ಸಂಗ್ರಹವೇ ಇದೆ. ೨೦೨೧ರ ಜುಲೈ ತಿಂಗಳಿನಲ್ಲಿ ಕೇಂದ್ರ ಸರ್ಕಾರವು ಮೋಟಾರು ವಾಹನ ನಿಯಮಗಳನ್ನು ತಿದ್ದಿ, ೫೦ ವರ್ಷಗಳನ್ನು ದಾಟಿದ, ಮೂಲರೂಪವನ್ನು ಉಳಿಸಿಕೊಂಡಿರುವ ಬಂಡಿಗಳಿಗೆ ಪ್ರತ್ಯೇಕವಾದ ನೋಂದಣಿಯನ್ನು ಏರ್ಪಡಿಸಿತು. ಮೂಲರೂಪದ ರಕ್ಷಣೆಗೆ ಇದರಿಂದ ಇನ್ನಷ್ಟು ಬೆಲೆ ಬಂದಿದೆ.

ಹಳೆಯ ಬಂಡಿಯ ಯಂತ್ರವನ್ನು ಸರಿಪಡಿಸಿದ ಮೇಲೆ ಒಡೆಯನು ಅದನ್ನು ಕುಶನ್ ಕೆಲಸದವನಿಗೆ ಒಪ್ಪಿಸುತ್ತಾನೆ. ಸೀಟುಗಳಿಗೆ ಹೊಸ ರೆಕ್ಸಿನ್, ಮಾಡಿನ ಒಳಭಾಗಕ್ಕೆ ಹೊಸ ಬಟ್ಟೆ, ಕಾಲಡಿಗೆ ಹೊಸ ಹಾಸು, ಬಾಗಿಲುಗಳಿಗೆ ಹೊಸ ಹೊದಿಕೆ ಇವೆಲ್ಲವೂ ಸಿದ್ಧವಾಗುತ್ತವೆ. ಮನೆಗೆ ತಂದು ಎರಡು ದಿನ ಮುಚ್ಚಿಟ್ಟು ಬಾಗಿಲು ತೆರೆದರೆ ಕಣ್ಣು ಉರಿಯುವಂತೆ ಅಂಟಿನ ವಾಸನೆ ಬರುತ್ತದೆ. ತಿಂಗಳು ಕಳೆದರೂ, ಬಿಸಿಲೇರಿದಾಗಲೆಲ್ಲ ಅದು ಮರುಕಳಿಸುವುದುಂಟು.

ಇದಕ್ಕೆ ಮೊದಲ ಕಾರಣವು ಕೆಲಸದ ಕ್ರಮದಲ್ಲಿಯೇ ಇದೆ. ಹಿಂದಿನ ಕಾಲದ ಅನೇಕ ಬಂಡಿಗಳಲ್ಲಿ ಮಾಡಿನ ಒಳಬಟ್ಟೆಯನ್ನು ಕಮಾನಿನಂತೆ ಬಾಗಿದ ಕಂಬಿಗಳಿಗೆ ಪೋಣಿಸಿ ತೂಗಿಸುತ್ತಿದ್ದರು; ಅಂಟು ಬೇಕಾಗುತ್ತಿದ್ದುದು ಅಂಚುಗಳಿಗೆ ಮಾತ್ರ. ಈಗ ಫೋಮಿನ ಬೆನ್ನುಳ್ಳ ಬಟ್ಟೆಯನ್ನು ತಂದು, ಮಾಡಿನ ತಗಡಿಗೆಲ್ಲ ಅಂಟು ಬಳಿದು ಒತ್ತುವ ರೂಢಿ ಬಂದಿದೆ. ಹೊಲಿಗೆಯೂ ಮೊಳೆಯೂ ಮಾಡುತ್ತಿದ್ದ ಕೆಲಸವನ್ನು ಅಂಟಿಗೆ ವಹಿಸಿದ್ದರಿಂದ ಅಂಟಿನ ಪರಿಮಾಣವು ಹಲವು ಪಾಲು ಹೆಚ್ಚಿತು.

೨. ಅಂಟುಗಳ ಭೇದ

ಅಂಟಿನ ವಿಚಾರವು ನಮ್ಮವರಿಗೆ ಹೊಸದಲ್ಲ. ವರಾಹಮಿಹಿರನು ಬೃಹತ್ಸಂಹಿತೆಯಲ್ಲಿ ವಜ್ರಲೇಪವೆಂಬ ಅಂಟುಗಳ ಪಾಕಕ್ರಮವನ್ನು ಹೇಳಿದ್ದಾನೆ. ಅವುಗಳಲ್ಲೊಂದು ಕೊಂಬು, ಚರ್ಮ ಮೊದಲಾದವುಗಳಿಂದ ಆಗತಕ್ಕದ್ದು. ಬಡಗಿಗಳು ಬಳಸುವ ಸರೇಸಿಗೆ ಕನ್ನಡದಲ್ಲಿ ಮರವಜ್ರವೆಂಬ ಹೆಸರೂ ಇದೆ. ಅದೇ ಬೃಹತ್ಸಂಹಿತೆಯಲ್ಲಿ ಸುಗಂಧದ್ರವ್ಯಗಳನ್ನು ಕುರಿತ ಗಂಧಯುಕ್ತಿ ಎಂಬ ಪ್ರಕರಣವೂ ಬೇರೆಯಾಗಿ ಉಂಟು. ಒಂದರ ದೋಷವನ್ನು ಇನ್ನೊಂದರಿಂದ ಮುಚ್ಚುವ ಭ್ರಾಂತಿಯನ್ನು ಮುಂದೆ ವಿಚಾರಿಸಬೇಕಾಗಿದೆ.

ಮೋಟಾರು ಬಂಡಿಗಳಲ್ಲಿ ಸಿಕ್ಕುವ ಅಂಟುಗಳನ್ನು ವಾಸನೆಯ ದೃಷ್ಟಿಯಿಂದ ಐದಾಗಿ ವಿಂಗಡಿಸಬಹುದು.

ಮೊದಲನೆಯದು, ಚಪ್ಪಲಿಯವರೂ ಕುಶನ್ ಕೆಲಸದವರೂ ಬಳಸುವ ಹಳದಿ ಬಣ್ಣದ ರಬ್ಬರು ಅಂಟು. ಇದರ ಮುಖ್ಯ ದ್ರವ್ಯವು ಸಾಮಾನ್ಯವಾಗಿ ನಿಯೋಪ್ರೀನ್ ಎಂಬ ಕೃತಕ ರಬ್ಬರು. ಅಮೆರಿಕದ ಡ್ಯೂಪಾಂಟ್ ಸಂಸ್ಥೆಯ ಪ್ರಯೋಗಶಾಲೆಯಲ್ಲಿ ಇದು ೧೯೩೦ರಲ್ಲಿ ಸಿದ್ಧವಾಯಿತು. ರಬ್ಬರನ್ನು ಟೊಲುಯೀನ್, ಹೆಕ್ಸೇನ್, ಅಸಿಟೋನ್ ಮುಂತಾದ ದ್ರಾವಕಗಳಲ್ಲಿ ಕರಗಿಸಿರುತ್ತಾರೆ. ಡಬ್ಬಿಯಲ್ಲಿರುವ ಅಂಟಿನ ತೂಕದಲ್ಲಿ ಸುಮಾರು ಮುಕ್ಕಾಲು ಪಾಲು ಈ ದ್ರಾವಕಗಳೇ. ಬಂಡಿಯಲ್ಲಿ ಕಡೆಗೆ ಉಳಿಯಬೇಕಾದದ್ದು ಕಾಲು ಪಾಲು ಮಾತ್ರ. ಮಿಕ್ಕ ಮುಕ್ಕಾಲು ಪಾಲು ಆವಿಯಾಗಿ ಹೊರಕ್ಕೆ ಹೋಗಲೇಬೇಕು.

ಎರಡನೆಯದು, ಸಹಜ ರಬ್ಬರನ್ನು ದ್ರಾವಕದಲ್ಲಿ ಕರಗಿಸಿದ ಅಂಟು. ಪಂಕ್ಚರ್ ಹಾಕುವವರು ಸಲ್ಯೂಷನ್ ಎನ್ನುವುದು ಇದರ ಬಗೆಯೇ. ಮೂರನೆಯದು, ರಬ್ಬರಿನ ಹಾಲನ್ನು ನೀರಿನಲ್ಲಿಯೇ ಇಟ್ಟು ಅಮೋನಿಯಾ ಬೆರೆಸಿ ಕಾಪಾಡಿದ ಲ್ಯಾಟೆಕ್ಸ್. ಮೂಗನ್ನು ಚುಚ್ಚಿದರೂ ಇದರ ವಾಸನೆಯು ಬೇಗನೆ ಹೋಗುತ್ತದೆ. ನಾಲ್ಕನೆಯದು, ಮರಗೆಲಸದ ಬಿಳಿಯ ಅಂಟು. ಇದು ನೀರಿನಲ್ಲಿ ಬೆರೆತಿರುವುದು, ಇದರ ವಾಸನೆಯು ಮಂದವಾಗಿಯೂ ಸ್ವಲ್ಪ ಹುಳಿಯಾಗಿಯೂ ಇರುತ್ತದೆ. ಐದನೆಯದು, ಮರದ ಚೌಕಟ್ಟಿದ್ದ ಬಹು ಹಳೆಯ ಬಂಡಿಗಳಲ್ಲಿ ಇರುವ ಸರೇಸು. ತೇವ ತಗುಲಿದರೆ ಇದು ಕೊಳೆತು ನಾರುತ್ತದೆ. ಇದರ ರೋಗವು ಅಂಟಿನದಲ್ಲ, ತೇವದ್ದು. ನೀರು ಸೋರುವ ಸ್ಥಳವನ್ನು ಮುಚ್ಚಿ ಒಣಗಿಸುವುದೇ ಅದಕ್ಕೆ ಮದ್ದು.

ಜೀರ್ಣೋದ್ಧಾರವಾದ ಬಂಡಿಗಳಲ್ಲಿ ಜನರು ದೂರುವ ವಾಸನೆಯು ಬಹುಮಟ್ಟಿಗೆ ಮೊದಲನೆಯ ಬಗೆಯದಾದುದರಿಂದ ಮುಂದಿನ ವಿಚಾರವೂ ಅದನ್ನೇ ಮುಖ್ಯವಾಗಿ ಕುರಿತದ್ದು.

೩. ವಾಸನೆಯು ಉಳಿಯುವುದಕ್ಕೆ ಕಾರಣ

ಅಸಿಟೋನ್ ೫೬ ಡಿಗ್ರಿ, ಹೆಕ್ಸೇನ್ ೬೯ ಡಿಗ್ರಿ, ಟೊಲುಯೀನ್ ಸುಮಾರು ೧೧೧ ಡಿಗ್ರಿ ಸೆಂಟಿಗ್ರೇಡಿನಲ್ಲಿ ಕುದಿಯುವುವು. ಬಟ್ಟಲಿನಲ್ಲಿ ಸುರಿದಿಟ್ಟರೆ ಇವು ಕುದಿಯದೆಯೇ ಆವಿಯಾಗಿ ಹೋಗತಕ್ಕವು. ಹೀಗಿರಲಾಗಿ ಬಂಡಿಯಲ್ಲಿ ತಿಂಗಳುಗಟ್ಟಲೆ ಹೇಗೆ ಉಳಿಯುವುವೆಂಬ ಶಂಕೆ ಹುಟ್ಟಬಹುದು.

ಸಮಾಧಾನವೇನೆಂದರೆ, ಅಂಟು ಒಣಗುವುದರಲ್ಲಿ ಎರಡು ಅವಸ್ಥೆಗಳುಂಟು. ಮೊದಲನೆಯ ಅವಸ್ಥೆಯಲ್ಲಿ ಮೇಲ್ಮೈಯಿಂದ ದ್ರಾವಕವು ವೇಗವಾಗಿ ಹಾರಿಹೋಗುತ್ತದೆ. ಆಮೇಲೆ ಮೇಲ್ಭಾಗವು ಕೆನೆಗಟ್ಟುತ್ತದೆ. ಒಳಗೆ ಉಳಿದ ದ್ರಾವಕವು ಆ ರಬ್ಬರಿನ ಪೊರೆಯನ್ನು ಮೆಲ್ಲಮೆಲ್ಲನೆ ಹಾದು ಹೊರಕ್ಕೆ ಬರಬೇಕು. ಈ ಎರಡನೆಯ ಅವಸ್ಥೆಯ ಕಾಲವು ಪದರದ ದಪ್ಪದ ವರ್ಗವನ್ನು ಅನುಸರಿಸುವುದು. ದಪ್ಪವು ಎರಡರಷ್ಟಾದರೆ ಕಾಲವು ನಾಲ್ಕರಷ್ಟು, ಮೂರರಷ್ಟಾದರೆ ಒಂಬತ್ತರಷ್ಟು. ಬಲವಾಗಿ ಹಿಡಿಯಲೆಂದು ದಪ್ಪವಾಗಿ ಬಳಿದವನು ಹಿಡಿತವನ್ನು ಹೆಚ್ಚಿಸಲಿಲ್ಲ, ವಾಸನೆಯ ಆಯುಸ್ಸನ್ನು ಹೆಚ್ಚಿಸಿದನು.

ಇದಲ್ಲದೆ ಇಂಥ ಅಂಟನ್ನು ಎರಡೂ ಮೈಗಳಿಗೆ ತೆಳುವಾಗಿ ಬಳಿದು, ಕೈಗೆ ಹತ್ತದಷ್ಟು ಒಣಗಿದ ಮೇಲೆ ಒತ್ತತಕ್ಕದ್ದೆಂಬುದು ವಿಧಿ. ಅವಸರದಿಂದ ಹಸಿಯಿರುವಾಗಲೇ ಒತ್ತಿದರೆ ಒಂದು ಕಡೆ ತಗಡು, ಇನ್ನೊಂದು ಕಡೆ ರೆಕ್ಸಿನ್, ಎರಡೂ ಆವಿಯನ್ನು ಸುಲಭವಾಗಿ ಬಿಡತಕ್ಕವಲ್ಲವಾದುದರಿಂದ ದ್ರಾವಕವು ನಡುವೆ ಸೆರೆಯಾಗುವುದು.

ಮೂರನೆಯ ಕಾರಣವು ಸೂಕ್ಷ್ಮವಾದದ್ದು. ಆವಿಯು ಬಂಡಿಯೊಳಗೆ ತುಂಬಿದಾಗ ಅಲ್ಲಿಯ ಫೋಮು, ಸೆಣಬಿನ ಹಾಸು, ರಬ್ಬರು ಪಟ್ಟಿ, ರೆಕ್ಸಿನ್ ಇವೆಲ್ಲವೂ ಅದನ್ನು ಹೀರಿಕೊಳ್ಳುತ್ತವೆ; ಗಾಳಿಯು ಶುದ್ಧವಾದೊಡನೆ ಹೀರಿದ್ದನ್ನು ಮರಳಿ ಬಿಡುತ್ತವೆ. ನೀರಿನಲ್ಲಿ ತೋರುವ ಗಂಧವು ಹೇಗೆ ನೀರಿನದಲ್ಲವೋ ಹಾಗೆಯೇ ಸೀಟಿನಲ್ಲಿ ತೋರುವ ಈ ವಾಸನೆಯೂ ಸೀಟಿನದಲ್ಲ, ಔಪಾಧಿಕವಾದದ್ದು. ಸೀಟನ್ನು ಸೋಪಿನಿಂದ ಎಷ್ಟು ತೊಳೆದರೂ ಮರುದಿನ ಅದೇ ವಾಸನೆ ಬರುವುದಕ್ಕೆ ಇದೇ ಕಾರಣ.

ಬಿಸಿಲಿನಲ್ಲಿ ವಾಸನೆಯು ಮರುಕಳಿಸುವುದೇಕೆಂಬುದೂ ಇದರಿಂದ ತಿಳಿಯುವುದು. ಟೊಲುಯೀನಿನ ಆವಿಯ ಒತ್ತಡವು ೨೦ ಡಿಗ್ರಿಯಲ್ಲಿ ಪಾದರಸದ ಸುಮಾರು ೨೨ ಮಿಲಿಮೀಟರು. ೬೦ ಡಿಗ್ರಿಯಲ್ಲಿ ಸುಮಾರು ೧೩೯ ಮಿಲಿಮೀಟರು. ಎಂದರೆ ಆರರಷ್ಟಕ್ಕೂ ಹೆಚ್ಚು. ಬಿಸಿಲಿನಲ್ಲಿ ಮುಚ್ಚಿ ನಿಲ್ಲಿಸಿದ ಬಂಡಿಯೊಳಗಿನ ಶಾಖವು ಒಂದು ಗಂಟೆಯೊಳಗೆ ಹೊರಗಿಗಿಂತ ೨೦ ಡಿಗ್ರಿಗೂ ಮೀರಿ ಏರಬಲ್ಲುದು. ಶಾಖವು ವಾಸನೆಯನ್ನು ಹುಟ್ಟಿಸುವುದಿಲ್ಲ. ಅಡಗಿದ್ದ ದ್ರವ್ಯವನ್ನು ಹೊರಗೆಡಹುತ್ತದೆ.

೪. ಅಪಾಯದ ವಿಚಾರ

ವಾಸನೆಯು ದ್ರವ್ಯವೇ ಆದುದರಿಂದ ಅದರ ಪರಿಮಾಣವನ್ನು ಲೆಕ್ಕ ಹಾಕಬಹುದು. ಬಂಡಿಯ ಒಳಭಾಗದ ಗಾಳಿಯು ಸುಮಾರು ೩ ಘನಮೀಟರು ಎಂದಿಟ್ಟುಕೊಂಡರೆ, ಒಂದೇ ಒಂದು ಗ್ರಾಂ ಟೊಲುಯೀನ್, ಎಂದರೆ ಟೀ ಚಮಚದ ಕಾಲು ಭಾಗದಷ್ಟು, ಅದರಲ್ಲಿ ಹರಡಿದಾಗ ಗಾಳಿಯ ಹತ್ತು ಲಕ್ಷ ಭಾಗಗಳಲ್ಲಿ ಸುಮಾರು ೮೮ ಭಾಗ ಆ ಆವಿಯೇ ಆಗುವುದು. ಅಮೆರಿಕದ ಸರ್ಕಾರಿ ಕೈಗಾರಿಕಾ ಆರೋಗ್ಯತಜ್ಞರ ಸಮ್ಮೇಳನವು ದಿನಕ್ಕೆ ಎಂಟು ಗಂಟೆ ದುಡಿಯುವವರಿಗೆ ಸೂಚಿಸಿರುವ ಮಿತಿಯು ೨೦ ಭಾಗ ಮಾತ್ರ. ಟೊಲುಯೀನಿನ ಆವಿಯು ತಲೆನೋವು, ತಲೆಸುತ್ತು, ಮಂಪರುಗಳನ್ನು ತರುವುದು; ಬಂಡಿ ನಡೆಸುವವನಿಗೆ ಮಂಪರು ಬಂದರೆ ಆಗುವ ಫಲವನ್ನು ವಿವರಿಸಬೇಕಾಗಿಲ್ಲ. ಗರ್ಭಿಣಿಯರನ್ನೂ ಮಕ್ಕಳನ್ನೂ ಇಂಥ ಬಂಡಿಯಲ್ಲಿ ಕೂರಿಸಲಾಗದು.

ಹೆಕ್ಸೇನಿನ ದೋಷವು ಇದಕ್ಕಿಂತ ಗೂಢವಾದದ್ದು. ದೇಹದೊಳಗೆ ಅದು ಮಾರ್ಪಟ್ಟು ನರಗಳನ್ನು ಕೆಡಿಸುತ್ತದೆ. ೧೯೬೦ರ ದಶಕದ ಕೊನೆಯಲ್ಲಿ ಜಪಾನಿನಲ್ಲಿ, ಮನೆಗಳಲ್ಲಿ ಕುಳಿತು ಚಪ್ಪಲಿಗಳನ್ನು ಅಂಟಿಸುತ್ತಿದ್ದವರ ಕೈಕಾಲುಗಳು ಜೋಮು ಹಿಡಿದು ಶಕ್ತಿಗುಂದಿದ್ದು ಹೆಕ್ಸೇನ್ ಬೆರೆತ ಅಂಟಿನಿಂದಲೇ ಎಂದು ವೈದ್ಯರು ಕಂಡುಕೊಂಡರು; ಇಟಲಿಯ ಪಾದರಕ್ಷೆಯ ಕೆಲಸಗಾರರಲ್ಲಿಯೂ ಅದೇ ವ್ಯಾಧಿಯು ಕಾಣಿಸಿತು. ಬಂಡಿಯ ಒಡೆಯನು ಈ ಗಾಳಿಯಲ್ಲಿ ಇರುವುದು ದಿನಕ್ಕೆ ಒಂದು ಗಂಟೆ. ಕುಶನ್ ಅಂಗಡಿಯ ಹುಡುಗನು ಇರುವುದು ದಿನವೆಲ್ಲ, ವರ್ಷವೆಲ್ಲ. ಮಾಡಿನ ಬಟ್ಟೆಯನ್ನು ಅಂಟಿಸುವಾಗ ಅವನು ಬಂಡಿಯೊಳಗೆ ಅಂಗಾತ ಮಲಗಿ ಮುಖದ ಮೇಲೆಯೇ ಅಂಟನ್ನು ಬಳಿಯುತ್ತಾನೆ. ವಾಸನೆಯ ಪ್ರಶ್ನೆಯಲ್ಲಿ ಮೊದಲು ನೆನೆಯಬೇಕಾದವನು ಅವನು.

ಇಲ್ಲಿ ಮೂಗನ್ನೇ ಪ್ರಮಾಣವೆಂದು ಪೂರ್ಣವಾಗಿ ನಂಬಲೂ ಬಾರದು. ಒಂದೇ ವಾಸನೆಯಲ್ಲಿ ಕೆಲವು ನಿಮಿಷಗಳಿದ್ದರೆ ಘ್ರಾಣವು ಬಳಲಿ ಅದನ್ನು ಗ್ರಹಿಸುವುದನ್ನೇ ಬಿಡುತ್ತದೆ. ಒಳಗೆ ಕುಳಿತವನು ವಾಸನೆ ಹೋಯಿತೆಂದು ಹೇಳಿದರೆ ಹೋದದ್ದು ವಾಸನೆಯೋ ಮೂಗಿನ ಪಾಟವವೋ ಎಂದು ನಿರ್ಣಯಿಸಲಾಗದು. ಹೊರಗಿನಿಂದ ಆಗತಾನೆ ಬಂದವನ ಮಾತೇ ಗ್ರಾಹ್ಯ.

ಬೆಂಕಿಯ ಭಯವು ಮತ್ತೊಂದು. ಈ ಆವಿಗಳು ತಂಪಾದ ಹವೆಯಲ್ಲಿಯೂ ಕಿಡಿ ತಾಕಿದರೆ ಹೊತ್ತಿಕೊಳ್ಳತಕ್ಕವು. ಗಾಳಿಯಲ್ಲಿ ಟೊಲುಯೀನಿನ ಆವಿಯು ನೂರಕ್ಕೆ ೧ಕ್ಕಿಂತ ತುಸು ಹೆಚ್ಚಾದರೆ ಸಾಕು, ಉರಿಯುವ ಮಿಶ್ರಣವಾಗುವುದು. ಮೇಲೆ ಹೇಳಿದ ಬಂಡಿಯಲ್ಲಿ ಅದಕ್ಕೆ ಸುಮಾರು ೧೨೫ ಗ್ರಾಂ ಸಾಕು. ಒಂದು ಲೀಟರು ಅಂಟಿನಲ್ಲಿ ಅದರ ಹಲವು ಪಾಲು ದ್ರಾವಕವಿರುತ್ತದೆ. ಆದಕಾರಣ ಹಸಿ ಅಂಟಿರುವ ಬಂಡಿಯಲ್ಲಿ ವಾಸನೆ ಹೋಗಲೆಂದು ಊದುಬತ್ತಿ ಹಚ್ಚುವುದು, ಸಾಂಬ್ರಾಣಿ ಹಾಕುವುದು, ಕರ್ಪೂರ ಬೆಳಗುವುದು ಇವು ಪ್ರಾಣಾಪಾಯಕರವಾದ ಸಾಹಸಗಳು. ಆಯುಧಪೂಜೆಗೆಂದು ಹಿಂದಿನ ದಿನವಷ್ಟೇ ಕುಶನ್ ಅಂಗಡಿಯಿಂದ ಬಂದ ಬಂಡಿಗೆ ಆರತಿಯನ್ನು ಹೊರಗಿನಿಂದ, ದೂರದಿಂದಲೇ ಎತ್ತತಕ್ಕದ್ದು.

೫. ಪರೀಕ್ಷೆ

ನಿದಾನವಿಲ್ಲದೆ ಚಿಕಿತ್ಸೆಯಿಲ್ಲ. ವಾಸನೆಯ ಮೂಲವು ಮಾಡೋ, ಕಾಲಡಿಯ ಹಾಸೋ, ಬಾಗಿಲೋ ಎಂಬುದನ್ನು ಅನ್ವಯವ್ಯತಿರೇಕಗಳಿಂದ ಗೊತ್ತುಮಾಡಿಕೊಳ್ಳಬೇಕು. ಅದಕ್ಕೆ ಬೇಕಾದದ್ದು ಬಿಗಿಯಾದ ಮುಚ್ಚಳವುಳ್ಳ ಕೆಲವು ಗಾಜಿನ ಶೀಶೆಗಳು ಮಾತ್ರ.

ಮಾಡಿನ ಬಟ್ಟೆ, ಫೋಮು, ರೆಕ್ಸಿನ್, ಸೆಣಬಿನ ಹಾಸು ಇವುಗಳಲ್ಲಿ ಕಣ್ಣಿಗೆ ಬೀಳದ ಅಂಚಿನಿಂದ ಒಂದೊಂದು ಸಣ್ಣ ತುಂಡನ್ನು ಕತ್ತರಿಸಿ ಬೇರೆಬೇರೆ ಶೀಶೆಗಳಲ್ಲಿ ಹಾಕಿ ಮುಚ್ಚಬೇಕು. ಒಂದು ಶೀಶೆಯನ್ನು ಬರಿದಾಗಿಯೇ ಮುಚ್ಚಿಡಬೇಕು. ಎಲ್ಲವನ್ನೂ ಒಂದು ಗಂಟೆ ಬಿಸಿಲಿನಲ್ಲಿಟ್ಟು, ಯಾವುದರಲ್ಲಿ ಏನಿದೆಯೆಂದು ತಿಳಿಯದ ಬೇರೊಬ್ಬನಿಂದ, ನಡುನಡುವೆ ಬಿಡುವು ಕೊಟ್ಟು, ಮುಚ್ಚಳವನ್ನು ತುಸುವೇ ಸರಿಸಿ ಕೈಯಿಂದ ಬೀಸಿ ಮೂಸಿಸಬೇಕು. ವಾಸನೆಯುಳ್ಳ ತುಂಡುಗಳನ್ನು ಎರಡು ದಿನ ಗಾಳಿಗಿಟ್ಟು ಮತ್ತೆ ಹಾಗೆಯೇ ಪರೀಕ್ಷಿಸಬೇಕು. ವಾಸನೆಯು ಬಹುಮಟ್ಟಿಗೆ ಹೋಗಿದ್ದರೆ ಆ ವಸ್ತುವು ಬರಿದೆ ಹೀರಿಕೊಂಡದ್ದು. ಮೊದಲಿನಂತೆಯೇ ಇದ್ದರೆ ಅದರಲ್ಲಿಯೇ ಮೂಲವಿದೆ.

ವಾಸನೆಯ ಜಾತಿಯೂ ಇಲ್ಲಿಯೇ ತಿಳಿಯುವುದು. ಬಣ್ಣಕ್ಕೆ ಬೆರೆಸುವ ಥಿನ್ನರಿನಂತಿದ್ದರೆ ದ್ರಾವಕ. ಮೂಗನ್ನು ಚುಚ್ಚಿದರೆ ಅಮೋನಿಯಾ. ಹುಳಿಯಾದರೆ ಬಿಳಿ ಅಂಟು. ಕೊಳೆತಂತಿದ್ದರೆ ಸರೇಸು ಅಥವಾ ಬೂಷ್ಟು.

೬. ಚಿಕಿತ್ಸೆ

ವಾಸನೆಯು ದ್ರವ್ಯವಾದುದರಿಂದ ನಿಜವಾದ ಉಪಾಯಗಳು ಮೂರೇ: ದ್ರವ್ಯವನ್ನು ಹೊರಕ್ಕೆ ಬಿಡುವುದು, ದ್ರವ್ಯದ ಮೂಲವನ್ನು ತೆಗೆಯುವುದು, ಹೊರಟ ದ್ರವ್ಯವನ್ನು ಹಿಡಿಯುವುದು. ಇವುಗಳನ್ನು ಮುಂದಿನ ಕ್ರಮದಲ್ಲಿ ಮಾಡತಕ್ಕದ್ದು.

ಮೊದಲನೆಯದಾಗಿ, ಬ್ಯಾಟರಿಯ ತಂತಿಯನ್ನು ಬಿಚ್ಚಿ, ಬಂಡಿಯನ್ನು ಗಾಳಿಯಾಡುವ ನೆರಳಿನಲ್ಲಿ ನಿಲ್ಲಿಸಿ, ನಾಲ್ಕು ಬಾಗಿಲುಗಳನ್ನೂ ತೆರೆದಿಡಬೇಕು. ಕಿಟಕಿಯ ಗಾಜುಗಳನ್ನು ಇಳಿಸಿದರೆ ಸಾಲದು. ಟೊಲುಯೀನ್ ಹೆಕ್ಸೇನುಗಳ ಆವಿಯು ಗಾಳಿಗಿಂತ ಸುಮಾರು ಮೂರರಷ್ಟು ಭಾರವಾದುದರಿಂದ ಕಾಲಡಿಯ ತಗ್ಗಿನಲ್ಲಿ ಮಡುಗಟ್ಟಿ ನಿಲ್ಲಬಹುದು. ಬಾಗಿಲು ತೆರೆದಾಗಲೇ ಅದು ಕೆಳಗೆ ಹರಿದುಹೋಗುವುದು. ಬೀಸಣಿಗೆ ಯಂತ್ರವನ್ನು ಇಡುವುದಾದರೆ ಬಂಡಿಯಿಂದ ದೂರದಲ್ಲಿಟ್ಟು, ಶುದ್ಧವಾದ ಗಾಳಿಯು ಒಂದು ಕಡೆಯಿಂದ ನುಗ್ಗಿ ಇನ್ನೊಂದು ಕಡೆಯಿಂದ ಹೊರಡುವಂತೆ ಇಡಬೇಕು. ಮೊದಲ ಒಂದು ವಾರ ಇದಷ್ಟೇ ಚಿಕಿತ್ಸೆ. ಈ ಅವಧಿಯಲ್ಲಿ ಬಂಡಿಯನ್ನು ಮುಚ್ಚಿ ಕಾಯಿಸುವುದು ಕೂಡದು.

ಎರಡನೆಯದಾಗಿ, ಸೀಟು, ಹಾಸು, ಹಾಸಿನ ಕೆಳಗಿನ ಸೆಣಬು, ಬಾಗಿಲ ಹಲಗೆ, ಹೀಗೆ ಬಿಚ್ಚಬಹುದಾದುದನ್ನೆಲ್ಲ ಬಿಚ್ಚಿ ಹೊರಗೆ ಗಾಳಿಗೆ ಹರಡಬೇಕು. ಹಳೆಯ ಚರ್ಮವಾದರೆ ನೆರಳಿನಲ್ಲಿಯೇ. ಬಿಸಿಲಿನಲ್ಲಿ ಅದು ಒಣಗಿ ಸೀಳುವುದು. ಹೀರಿಕೊಂಡ ವಸ್ತುಗಳು ಬಂಡಿಯಿಂದ ಬೇರೆಯಾದರೆ ಎರಡಕ್ಕೂ ಬೇಗ ಗುಣವಾಗುವುದು.

ಮೂರನೆಯದಾಗಿ, ಸುರಿದು ಮುದ್ದೆಗಟ್ಟಿದ ಅಂಟನ್ನು ಹುಡುಕಬೇಕು. ಕಾಲಡಿಯ ತಗಡಿನ ಸಂದುಗಳು, ಬಾಗಿಲಿನ ಒಳಭಾಗ, ಸೀಟಿನ ಕೆಳಗೆ, ಮಾಡಿನ ಮೂಲೆ ಇವು ಅದರ ನೆಲೆಗಳು. ಒಣಗಿದ ಮುದ್ದೆಯನ್ನು ಬೆರಳಿನಿಂದ ಉರುಳಿಸಿ ಎಬ್ಬಿಸಬಹುದು. ಥಿನ್ನರಿನಿಂದ ಒರೆಸುವುದು ಸರಿಯಲ್ಲ. ತೆಗೆಯಬೇಕಾದ ದ್ರವ್ಯವನ್ನೇ ಮತ್ತೆ ಸುರಿದಂತಾಗುವುದು.

ನಾಲ್ಕನೆಯದಾಗಿ, ಅಂಟು ಪೂರ್ತಿಯಾಗಿ ಒಣಗಿ, ಬಾಗಿಲು ತೆರೆದಾಗ ವಾಸನೆಯು ಮಂದವಾಗಿ ಉಳಿದ ಮೇಲೆ, ಶಾಖವನ್ನೇ ಔಷಧವಾಗಿ ಬಳಸಬಹುದು. ಬೆಳಗಿನ ಎಳೆಬಿಸಿಲಿನಲ್ಲಿ ಎರಡು ಗಂಟೆ ಬಂಡಿಯನ್ನು ಮುಚ್ಚಿಟ್ಟು, ಅನಂತರ ಎಲ್ಲ ಬಾಗಿಲುಗಳನ್ನೂ ಒಮ್ಮೆಗೇ ತೆರೆದು, ದೂರ ಸರಿದು, ಅದಕ್ಕೂ ಹೆಚ್ಚು ಹೊತ್ತು ಬೀಸುವ ಗಾಳಿಗೆ ಬಿಡಬೇಕು. ಇದನ್ನು ದಿನದಿನವೂ ಮಾಡಬೇಕು. ಕಾಯಿಸಿ ತೆರೆಯದೆ ಬಿಟ್ಟರೆ ಸಂಜೆಯ ತಂಪಿಗೆ ಆವಿಯು ಮತ್ತೆ ಫೋಮಿನೊಳಗೇ ಸೇರುವುದು, ಶ್ರಮವು ವ್ಯರ್ಥ. ನಡುಹಗಲಿನ ಉಗ್ರವಾದ ಬಿಸಿಲೂ ಬೇಡ. ಮಾಡಿನ ತಗಡು ಅತಿಯಾಗಿ ಕಾದರೆ ಅಂಟೇ ಮೆತ್ತಗಾಗಿ ಬಟ್ಟೆಯು ಜೋತುಬೀಳಬಹುದು. ಮರದ ಹಲಗೆಗಳ ಮೆರುಗೂ ಬಿರಿಯಬಹುದು.

ಐದನೆಯದಾಗಿ, ರಾತ್ರಿ ಬಂಡಿಯನ್ನು ಮುಚ್ಚಲೇಬೇಕಾದಾಗ ಆಕ್ಟಿವೇಟೆಡ್ ಕಾರ್ಬನ್ ಎಂದು ಮಾರಾಟವಾಗುವ ಇದ್ದಿಲನ್ನು ಅಗಲವಾದ ತಟ್ಟೆಗಳಲ್ಲಿ ಕಾಲಡಿಯಲ್ಲಿ ಹರಡಿಡಬೇಕು. ತೆಂಗಿನ ಚಿಪ್ಪಿನಿಂದ ಮಾಡಿದ್ದು ಇದಕ್ಕೆ ಚೆನ್ನಾಗಿ ಒದಗುತ್ತದೆ. ಇದರ ಒಂದು ಗ್ರಾಮಿನೊಳಗಿನ ಸೂಕ್ಷ್ಮರಂಧ್ರಗಳ ಮೈಯನ್ನೆಲ್ಲ ಬಿಡಿಸಿ ಹರಡಿದರೆ ಸುಮಾರು ಸಾವಿರ ಚದರ ಮೀಟರಿನಷ್ಟು ಆಗುವುದು. ಟೊಲುಯೀನಿನಂಥ ಆವಿಯು ಆ ಮೈಗೆ ಹತ್ತಿಕೊಂಡು ನಿಲ್ಲುತ್ತದೆ. ಒಲೆಯ ಇದ್ದಿಲಿಗೆ ಈ ಶಕ್ತಿಯು ಬಹು ಅಲ್ಪ. ಇದ್ದಿಲಿಗೂ ಮಿತಿಯುಂಟು, ತುಂಬಿದ ಮೇಲೆ ಹಿಡಿಯದು, ಕಾದರೆ ಹಿಡಿದದ್ದನ್ನು ಬಿಡುವುದು. ಆದುದರಿಂದ ಬಿಸಿಲೇರುವ ಮುನ್ನ ಅದನ್ನು ಹೊರಕ್ಕೆ ತೆಗೆಯಬೇಕು, ಆಗಾಗ ಹೊಸದನ್ನು ಇಡಬೇಕು.

ಇಷ್ಟೆಲ್ಲ ಮಾಡಿಯೂ ಕೆಲವು ವಾರಗಳಲ್ಲಿ ಗುಣವು ಕಾಣದಿದ್ದರೆ, ಅಂಟು ದಪ್ಪವಾಗಿ ಬಳಿದದ್ದೋ ಹಸಿಯಾಗಿ ಒತ್ತಿದ್ದೋ ಆಗಿರುವುದು ನಿಶ್ಚಯ. ಆಗ ಆ ಹೊದಿಕೆಯನ್ನು ಕಿತ್ತು ಹೊಸದಾಗಿ ಮಾಡಿಸುವುದೊಂದೇ ಮಾರ್ಗ. ವೈದ್ಯಶಾಸ್ತ್ರದಲ್ಲಿ ನಿದಾನಪರಿವರ್ಜನವೆಂದು ಹೇಳುವುದು ಇದನ್ನೇ.

೭. ಆಭಾಸೋಪಾಯಗಳು

ಹೇತುವಿನಂತೆ ತೋರಿ ಹೇತುವಲ್ಲದ್ದು ಹೇತ್ವಾಭಾಸವಾದಂತೆ, ಉಪಾಯದಂತೆ ತೋರಿ ಉಪಾಯವಲ್ಲದವು ಇಲ್ಲಿ ಹಲವುಂಟು.

ಸುಗಂಧದ ಶೀಶೆಯನ್ನು ತೂಗಹಾಕುವುದು ಮೊದಲನೆಯದು. ಇದರಿಂದ ಅಂಟಿನ ಆವಿಯ ಒಂದು ಕಣವೂ ಕಡಮೆಯಾಗದು. ಎರಡನೆಯ ದ್ರವ್ಯವೊಂದು ಸೇರುತ್ತದೆ. ಎಚ್ಚರಿಸುವ ಮೂಗನ್ನು ಸುಮ್ಮನಿರಿಸಿ ಎಚ್ಚರಿಕೆಯ ಕಾರಣವನ್ನು ಹಾಗೆಯೇ ಉಳಿಸುವುದರಿಂದ ಇದು ನಿಷ್ಪ್ರಯೋಜಕವಷ್ಟೇ ಅಲ್ಲ, ಹಾನಿಕರವೂ ಹೌದು.

ಅಡಿಗೆ ಸೋಡಾ ಮತ್ತು ವಿನಿಗರುಗಳ ಪ್ರಯೋಗವು ಎರಡನೆಯದು. ಸೋಡಾವು ಹುಳಿಯೊಡನೆಯೂ, ವಿನಿಗರು ಅಮೋನಿಯಾದಂಥ ಕ್ಷಾರದೊಡನೆಯೂ ಸೇರಿ ಅವುಗಳನ್ನು ಶಮನಗೊಳಿಸುವುವು. ಬಿಳಿ ಅಂಟಿನ ಹುಳಿವಾಸನೆಗೆ ಸೋಡಾವೂ, ಲ್ಯಾಟೆಕ್ಸಿನ ಘಾಟಿಗೆ ವಿನಿಗರೂ ಸ್ವಲ್ಪ ಉಪಕರಿಸಬಹುದು. ಟೊಲುಯೀನ್ ಹೆಕ್ಸೇನುಗಳು ಆಮ್ಲವೂ ಅಲ್ಲ, ಕ್ಷಾರವೂ ಅಲ್ಲ. ಅವುಗಳ ಮೇಲೆ ಎರಡರ ಆಟವೂ ನಡೆಯದು. ಒಂದು ಬಂಡಿಯಲ್ಲಿ ಫಲಿಸಿದ ಮದ್ದು ಇನ್ನೊಂದರಲ್ಲಿ ಫಲಿಸದಿರುವುದಕ್ಕೆ ಅಂಟಿನ ಜಾತಿಭೇದವನ್ನು ಗಮನಿಸದಿರುವುದೇ ಕಾರಣ.

ಓಜೋನ್ ಯಂತ್ರವು ಮೂರನೆಯದು. ಇದು ಎಲ್ಲಕ್ಕಿಂತ ಘಾತುಕವಾದದ್ದು. ಓಜೋನು ಕೆಲವು ವಾಸನೆಗಳನ್ನು ಸುಡಬಲ್ಲುದಾದರೂ ಟೊಲುಯೀನ್ ಹೆಕ್ಸೇನುಗಳೊಡನೆ ಅತಿ ಮಂದವಾಗಿ ವರ್ತಿಸುತ್ತದೆ. ಸಹಜ ರಬ್ಬರನ್ನಾದರೋ ಅದು ಬೇಗನೆ ಕಡಿದು ಬಿರುಕುಬಿಡಿ‌ಸುತ್ತದೆ. ಬಾಗಿಲಿನ ಪಟ್ಟಿ, ಗಾಜಿನ ಸುತ್ತಣ ಪಟ್ಟಿ, ರಬ್ಬರಿನಿಂದ ಬಂಧಿಸಿದ ತೆಂಗಿನ ನಾರಿನ ಸೀಟು, ಹೀಗೆ ಹಳೆಯ ಬಂಡಿಯಲ್ಲಿ ಮತ್ತೆ ದೊರಕದ ವಸ್ತುಗಳೇ ಅದಕ್ಕೆ ಆಹುತಿಯಾಗುವುವು. ಉಸಿರಾಡುವವರ ಶ್ವಾಸಕೋಶಕ್ಕೂ ಅದು ಅಹಿತ. ಇರಬೇಕಾದದ್ದನ್ನು ಕೆಡಿಸಿ ಹೋಗಬೇಕಾದದ್ದನ್ನು ಉಳಿಸುವ ಈ ಯಂತ್ರವನ್ನು ಇಂಥ ಬಂಡಿಗಳಿಗೆ ಬಳಸದಿರುವುದೇ ಲೇಸು.

೮. ಉಪಸಂಹಾರ

ಇನ್ನು ಮುಂದೆ ಕೆಲಸ ಮಾಡಿಸುವವರು ಪಾಲಿಸತಕ್ಕ ನಿಯಮಗಳು ಈ ವಿಚಾರದಿಂದಲೇ ಹೊರಡುತ್ತವೆ. ಹೊಲಿಗೆ, ಕಂಬಿ, ಮೊಳೆಗಳಿಂದ ಹಿಂದೆ ನಿಂತಿದ್ದುದನ್ನು ಹಾಗೆಯೇ ನಿಲ್ಲಿಸಬೇಕು. ಅಂಟು ಬೇಕಾದೆಡೆ ನೀರಿನ ಅಂಟು ಸಾಕಾದರೆ ಅದನ್ನೇ ಬಳಸಬೇಕು. ದ್ರಾವಕದ ಅಂಟು ಅನಿವಾರ್ಯವಾದರೆ ತೆಳುವಾಗಿ ಬಳಿದು, ಒಣಗಲು ಬಿಟ್ಟು ಒತ್ತಬೇಕು. ಕೆಲಸವನ್ನು ಬಾಗಿಲುಗಳು ತೆರೆದಿರುವಂತೆ ಬಯಲಿನಲ್ಲಿ ಮಾಡಿಸಬೇಕು. ಇದಕ್ಕೆ ಎರಡು ದಿನ ಹೆಚ್ಚಾಗಿ ಹಿಡಿಯುವುದು. ಆ ಎರಡು ದಿನಗಳ ಕೂಲಿಯನ್ನು ಒಡೆಯನು ಸಂತೋಷದಿಂದ ಕೊಡತಕ್ಕದ್ದು. ಅವಸರಪಡಿಸಿದ ಒಡೆಯನೇ ಹಸಿ ಅಂಟನ್ನು ಒತ್ತಿಸಿದವನೆಂದು ತಿಳಿಯಬೇಕು.

ಬಂಡಿಯ ಮೂಲರೂಪವನ್ನು ಕಾಪಾಡುವುದೂ, ಅದರಲ್ಲಿ ಕೂರುವವರ ಆರೋಗ್ಯವನ್ನು ಕಾಪಾಡುವುದೂ, ಅದನ್ನು ಸಿದ್ಧಪಡಿಸುವ ಕೈಗಳನ್ನು ಕಾಪಾಡುವುದೂ ಪರಸ್ಪರ ವಿರುದ್ಧವಾದ ಮೂರು ಕಾರ್ಯಗಳಲ್ಲ. ಹಳೆಯ ಕ್ರಮದಲ್ಲಿ ತೂಗಿಸಿದ ಮಾಡಿನ ಬಟ್ಟೆಯೊಂದರಿಂದ ಮೂರೂ ಒಟ್ಟಿಗೆ ನೆರವೇರುವುವು. ಕಿಟಕಿಯ ಪಕ್ಕದಲ್ಲಿ ಸುಗಂಧದ ಶೀಶೆಯನ್ನು ತೂಗಹಾಕುವುದರಿಂದ ಮೂರರಲ್ಲಿ ಒಂದೂ ನೆರವೇರದು.